ದಾಖಲೆಯಲ್ಲಿಲ್ಲದ ಗಿಡ

ಹೈದರಾಬಾದ್
12 ಫೆಬ್ರವರಿ 1996

ಆದೆಮ್ಮ,

ಎಂಟು ವರ್ಷದ ಮೇಲೆ ಈ ಕೈಬರಹದ ಗುರುತು ನಿಮಗೆ ಹತ್ತಿತೋ ಇಲ್ಲವೋ. ನಾನು ಮಾಳಿಂಗಪ್ಪ, ಮಸ್ಕಿಯ ಹಣ್ಣಿನ ತೋಟದಲ್ಲಿ ತಳಿ ಕೆಲಸ ನೋಡುತ್ತಿದ್ದವನು. ಅಲ್ಲಿಂದ ವರ್ಗವಾಗಿ ಬಂದ ಮೇಲೂ ನೀವು ವರ್ಷಕ್ಕೊಮ್ಮೆ ಗಿಡಗಳ ವರದಿ ಕಳಿಸುತ್ತಲೇ ಇದ್ದಿರಿ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಕಾರಣ ಕೇಳಬೇಡಿ. ಹೇಳುವಂಥದ್ದು ಯಾವುದೂ ಇಲ್ಲ.

ಈಗ ಒಂದು ಕೆಲಸ ಬಂದಿದೆ. 87ರಲ್ಲಿ ನಾವು ಪೇರಲ ಹೂವುಗಳಿಗೆ ಕೈಯಿಂದ ಪರಾಗ ಹಾಕಿದ್ದೆವಲ್ಲ. ನಮ್ಮ ತೋಟದ ಸಿಹಿ ಪೇರಲ ತಾಯಿ, ಲಿಂಗಸುಗೂರಿನ ಒಂಬತ್ತನೇ ನಂಬರಿನ ಗಿಡ ತಂದೆ. ಆ ಸಸಿಗಳನ್ನು ನೀವು ವಳಕಮದಿನ್ನಿಯ ಸವಳು ನೆಲದಲ್ಲಿ ನೆಟ್ಟಿರಿ. ಕಾಲುವೆ ನೀರು ನಿಂತು ನಿಂತು ಉಪ್ಪು ಬೆಳ್ಳಗೆ ಮೇಲೆದ್ದ ಆ ನೆಲದಲ್ಲಿ ಅರ್ಧದಷ್ಟು ಗಿಡಗಳು ಸೊರಗಿದವು, ಅರ್ಧ ಚೆನ್ನಾಗಿ ಬಂದವು. ಚೆನ್ನಾಗಿ ಬಂದವುಗಳನ್ನು ಮತ್ತೆ ತಾಯಿ ಗಿಡಕ್ಕೆ ಕೂಡಿಸಿ ಮುನ್ನೂರ ನಲವತ್ತು ಸಸಿ ಎಬ್ಬಿಸಿದ್ದೀರೆಂದು ಹೋದ ವರ್ಷದ ವರದಿಯಲ್ಲಿದೆ. ಇವುಗಳಲ್ಲಿ ಯಾವುದು ಸವಳು ತಾಳುತ್ತದೆಂದು ತಿಳಿಯಲು ಇನ್ನೂ ನಾಲ್ಕೈದು ವರ್ಷ ಕಾಯಬೇಕು.

ಕಾಯದೆ ತಿಳಿಯುವ ದಾರಿಯೊಂದನ್ನು ಇಲ್ಲಿ ಕಲಿತಿದ್ದೇನೆ. ಎಲೆಯೊಳಗಿನ ವಂಶದ್ರವ್ಯವನ್ನು ಬೇರ್ಪಡಿಸಿ, ತೆಳ್ಳನೆಯ ಅಂಟಿನ ಹಾಳೆಯ ಮೇಲೆ ಕರೆಂಟು ಹಾಯಿಸಿದರೆ ಗೆರೆಗಳು ಮೂಡುತ್ತವೆ. ಗಟ್ಟಿ ಗಿಡಗಳಲ್ಲೆಲ್ಲ ಇದ್ದು ಸೊರಗಿದ ಗಿಡಗಳಲ್ಲಿ ಇಲ್ಲದ ಒಂದು ಗೆರೆ ಸಿಕ್ಕರೆ ಅದೇ ನಮಗೆ ಗುರುತು. ಆಮೇಲೆ ಸಸಿ ಗೇಣುದ್ದ ಇರುವಾಗಲೇ ಒಂದು ಎಲೆ ನೋಡಿ ಹೇಳಬಹುದು.

ಹನ್ನೆರಡು ಗಟ್ಟಿ ಗಿಡ, ಹನ್ನೆರಡು ಸೊರಗಿದ ಗಿಡ. ಒಂದೊಂದರಿಂದ ನಾಲ್ಕು ಎಳೆಯ ಎಲೆ ಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ನಾನು ಕಳಿಸಿರುವ ನೀಲಿ ಹರಳಿನ ಪೊಟ್ಟಣಗಳಲ್ಲಿ ಹಾಕಿ. ಈಗಿನ ಅಧಿಕಾರಿ ಗೋಪಣ್ಣನವರಿಗೂ ಬರೆದಿದ್ದೇನೆ.

ಮಾಳಿಂಗಪ್ಪ


ಮಸ್ಕಿ
6 ಮಾರ್ಚ್ 1996

ಸರ್,

ಕೈಬರಹದ ಗುರುತು ಹತ್ತಿತು. ನಿಮ್ಮ ಬರಹದಲ್ಲಿ ಎಲ್ಲ ಅಕ್ಷರಗಳೂ ಹಿಂದಕ್ಕೆ ವಾಲಿರುತ್ತವೆ.

ಇಪ್ಪತ್ತನಾಲ್ಕು ಪೊಟ್ಟಣ ಇದರ ಜೊತೆಗಿವೆ. ಹರಳುಗಳು ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ನೀರು ಹೀರಿದರೆ ಹಾಗಾಗುತ್ತದೆ ಎಂದು ಗೋಪಣ್ಣ ಸರ್ ಹೇಳಿದರು, ಅದಕ್ಕೆ ಹಂಚಿನ ಮೇಲೆ ಬಿಸಿ ಮಾಡಿ ಮತ್ತೆ ನೀಲಿಗೆ ತಂದೆ. ನಿಮ್ಮ ಪೆಟ್ಟಿಗೆ ನಮ್ಮ ಮನೆ ವಿಳಾಸಕ್ಕೆ ಬಂದಿತ್ತು. ನಮ್ಮ ಅತ್ತೆ ಕರೆಮ್ಮ ಅದನ್ನು ಉಡಿಯಲ್ಲಿಟ್ಟುಕೊಂಡು ನಾನು ಬರುವ ತನಕ ಬಾಗಿಲಲ್ಲೇ ಕೂತಿದ್ದಳು. "ಯಮನೂರ ಕಳಿಸ್ಯಾನಾ?" ಅಂದಳು. ನನ್ನ ಗಂಡ ಕುರಿ ಹೊಡೆದುಕೊಂಡು ಬೆಳಗಾವಿ ಕಡೆ ಹೋಗಿ ಈ ಉಗಾದಿಗೆ ಒಂಬತ್ತು ವರ್ಷ. ಅಲ್ಲ, ತೋಟದ್ದು ಅಂದೆ. ಉಡಿಯಿಂದ ತೆಗೆದು ಕೊಟ್ಟಳು.

ಒಂದೇ ಸಾಲಿನಲ್ಲಿ, ಒಂದೇ ನೀರಿನಲ್ಲಿ, ನಲವತ್ತೊಂದನೇ ಗಿಡ ತಲೆಯೆತ್ತರ ದಾಟಿದೆ; ಪಕ್ಕದ ನಲವತ್ತೆರಡು ಇನ್ನೂ ಮೊಣಕಾಲಿಗೆ ಬಂದಿಲ್ಲ, ಎಲೆಯ ಅಂಚು ಸುಟ್ಟಿದೆ. ಎರಡರದ್ದೂ ಕಳಿಸಿದ್ದೇನೆ.

ನಾನಿನ್ನೂ ದಿನಗೂಲಿ ಮೇಲೆಯೇ ಇದ್ದೇನೆ. ಖಾಯಂ ಮಾಡುವ ಕಾಗದ ರಾಯಚೂರಿಗೆ ಹೋಗಿದೆಯಂತೆ.

ಆದೆಮ್ಮ


ಹೈದರಾಬಾದ್
9 ಆಗಸ್ಟ್ 1996

ಆದೆಮ್ಮ,

ಗೆರೆ ಸಿಕ್ಕಿತು.

ಐದು ತಿಂಗಳಲ್ಲಿ ಅರವತ್ತು ಬಗೆಯ ರಾಸಾಯನಿಕ ಹಾಕಿ ನೋಡಿದ್ದೆ, ಅರವತ್ತೊಂದನೆಯದರಲ್ಲಿ ಬಂತು. ಹನ್ನೆರಡು ಗಟ್ಟಿ ಗಿಡಗಳಲ್ಲಿ ಹನ್ನೊಂದರಲ್ಲಿ ಇದೆ. ಹನ್ನೆರಡು ಸೊರಗಿದ ಗಿಡಗಳಲ್ಲಿ ಒಂದರಲ್ಲೂ ಇಲ್ಲ. ಕತ್ತಲ ಕೋಣೆಯಲ್ಲಿ ಚಿತ್ರ ತೆಗೆದು ಹೊರಗೆ ಬಂದಾಗ ಯಾರಿಗಾದರೂ ತೋರಿಸಬೇಕೆನ್ನಿಸಿತು. ಭಾನುವಾರ, ಯಾರೂ ಇರಲಿಲ್ಲ. ಚಿತ್ರವನ್ನು ಕೋಣೆಗೆ ತಂದು ಗೋಡೆಗೆ ಅಂಟಿಸಿದೆ. ಇದನ್ನು ಬರೆಯುವಾಗ ಎದುರಿಗೇ ಇದೆ.

ಅಕ್ಟೋಬರಿನಲ್ಲಿ ಸಭೆಯೊಂದರಲ್ಲಿ ಇದನ್ನು ಓದಬೇಕು. ದಾಖಲೆಗಾಗಿ ತಾಯಿ ಗಿಡದ ಮತ್ತು ಒಂಬತ್ತನೇ ನಂಬರಿನ ಎಲೆ ಕಳಿಸಿ. ಗೆರೆ ತಂದೆಯಿಂದ ಬಂದಿರಬೇಕು, ತೋರಿಸಿಬಿಟ್ಟರೆ ಮುಗಿಯಿತು. ಮುನ್ನೂರ ನಲವತ್ತು ಸಸಿಗಳ ಎಲೆಯೂ ಬರಲಿ. ಅವಸರ ಮಾಡಬೇಡಿ, ನಂಬರು ತಪ್ಪಬಾರದು.

ಮಾಳಿಂಗಪ್ಪ


ಮಸ್ಕಿ
11 ಸೆಪ್ಟೆಂಬರ್ 1996

ಸರ್,

ಸಸಿಗಳ ಎಲೆ ಎರಡು ಡಬ್ಬಿಗಳಲ್ಲಿವೆ. ತಾಯಿಯದ್ದು ಬೇರೆ ಲಕೋಟೆಯಲ್ಲಿದೆ. ಒಂಬತ್ತನೇ ಗಿಡದ ಎಲೆ ತರಲು ನಾನೇ ಲಿಂಗಸುಗೂರಿಗೆ ಹೋಗಿದ್ದೆ. ಅಲ್ಲಿನ ತೋಟದ ಕಾವಲಿನ ಜಿಲಾನಿಸಾಬ್ ಚಹಾ ಕುಡಿಸಿದರು. ಗಿಡ ಮುದಿಯಾಗಿದೆ, ಎಳೆಯ ಎಲೆ ಹುಡುಕಬೇಕಾಯಿತು. ಎಲೆ ಕಿತ್ತ ಮೇಲೂ ಬಹಳ ಹೊತ್ತು ಅದರ ಕೆಳಗೇ ನಿಂತಿದ್ದೆ.

ನಿಮಗೆ ಒಂದು ಮಾತು ಬರೆಯಬೇಕೆಂದು ಕಾಗದ ತೆಗೆದಿದ್ದೆ. ಬರೆಯಲು ಆಗಲಿಲ್ಲ. ಸಭೆ ಚೆನ್ನಾಗಿ ಆಗಲಿ.

ಆದೆಮ್ಮ


ಹೈದರಾಬಾದ್
2 ಡಿಸೆಂಬರ್ 1996

ಆದೆಮ್ಮ,

ಸಭೆಯಲ್ಲಿ ನಾನು ಓದಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿ ಹೆಸರು ತೆಗೆಸಿದೆ.

ಆ ಗೆರೆ ತಾಯಿಯಲ್ಲಿ ಇಲ್ಲ. ಒಂಬತ್ತನೇ ನಂಬರಿನಲ್ಲೂ ಇಲ್ಲ. ಮೂರು ಸಲ ನೋಡಿದೆ. ಎಲೆಯ ಲಕೋಟೆ ಅದಲು ಬದಲಾಗಿದೆಯೇನೋ ಎಂದು ಉಳಿದ ಗೆರೆಗಳನ್ನೂ ಹೊಂದಿಸಿ ನೋಡಿದೆ. ತಾಯಿ ತಾಯಿಯೇ. ಆದರೆ ಒಂಬತ್ತನೇ ನಂಬರು ಈ ಗಿಡಗಳಿಗೆ ತಂದೆಯಲ್ಲ. ಇಪ್ಪತ್ತನಾಲ್ಕರಲ್ಲಿ ಒಂದಕ್ಕೂ ಅಲ್ಲ. ಬೇರೆ ಯಾವುದೋ ಒಂದೇ ಗಿಡದ ಪರಾಗ ಎಲ್ಲಕ್ಕೂ ಬಿದ್ದಿದೆ.

ಹುಳುವಿನಿಂದ ಹೀಗಾಗುವುದಿಲ್ಲ. ಹೂವಿಗೆಲ್ಲ ಚೀಲ ಕಟ್ಟಿದ್ದೆವು. 87ರ ಜುಲೈ ಹದಿನಾಲ್ಕರ ಪುಟದ ನಕಲು ನನ್ನ ಮುಂದಿದೆ. ನಿಮ್ಮ ಅಕ್ಷರದಲ್ಲಿ 'ತಂದೆ: ನಂ. 9' ಎಂದಿದೆ. ಆ ದಿನ ಏನಾಯಿತು?

ಮಾಳಿಂಗಪ್ಪ


ಹೈದರಾಬಾದ್
30 ಜನವರಿ 1997

ಆದೆಮ್ಮ,

ಎರಡು ತಿಂಗಳಾಯಿತು. ಕೋಪದಿಂದ ಕೇಳುತ್ತಿಲ್ಲ. ಇಲ್ಲಿ ಈ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಲ್ಲ, ನನಗೊಬ್ಬನಿಗೇ ಗೊತ್ತು. ಗೊತ್ತಿರುವವರು ಇನ್ನೊಬ್ಬರು ಇರಬಹುದು ಎನ್ನಿಸುತ್ತಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಮಾಳಿಂಗಪ್ಪ


ಮಸ್ಕಿ
18 ಫೆಬ್ರವರಿ 1997

ಸರ್,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಆ ವಾರ ನೀವು ನಿಮ್ಮ ಮನೆಯವರನ್ನು ಹೆರಿಗೆಗೆಂದು ರಾಯಚೂರಿಗೆ ಕರೆದುಕೊಂಡು ಹೋಗಿದ್ದಿರಿ. ಹೋಗುವಾಗ ನನಗೆ ಎಲ್ಲ ಹೇಳಿ ಹೋಗಿದ್ದಿರಿ. ಹದಿಮೂರರ ಸಂಜೆ ಎಪ್ಪತ್ತು ಮೊಗ್ಗು ಬಿಡಿಸಿ, ಕೇಸರ ತೆಗೆದು, ಚೀಲ ಕಟ್ಟಿದೆ. ಮರುದಿನ ಬೆಳಿಗ್ಗೆ ಲಿಂಗಸುಗೂರಿಗೆ ಹೋಗಿ ಒಂಬತ್ತನೇ ಗಿಡದ ಹೂ ತರಬೇಕಿತ್ತು. ಬಸ್‌ಸ್ಟ್ಯಾಂಡಿಗೆ ಹೋದರೆ ಹಳ್ಳ ಬಂದಿದೆ, ಲಿಂಗಸುಗೂರಿನ ದಾರಿ ಬಂದ್ ಆಗಿದೆ ಅಂದರು. ಒಂಬತ್ತು ಗಂಟೆ ತನಕ ನಿಂತೆ. ಮಧ್ಯಾಹ್ನದೊಳಗೆ ಪರಾಗ ಹಾಕದಿದ್ದರೆ ಎಪ್ಪತ್ತು ಹೂವೂ ಕೆಡುತ್ತವೆ, ಮತ್ತೆ ಮೊಗ್ಗು ಬರುವುದು ಮುಂದಿನ ಹಂಗಾಮಿಗೆ ಎಂದು ನೀವೇ ಹೇಳಿದ್ದಿರಿ.

ಸಿಂಧನೂರಿನ ದಾರಿ ತೆರೆದಿತ್ತು. ಗೊರೇಬಾಳದಲ್ಲಿ ನನ್ನ ಚಿಕ್ಕಮ್ಮ ಪಕೀರಮ್ಮ ಇದ್ದಾಳೆ. ಅವಳ ಹಿತ್ತಲಲ್ಲಿ ಒಂದು ಪೇರಲ ಗಿಡವಿತ್ತು. ಯಾರು ನೆಟ್ಟದ್ದೂ ಅಲ್ಲ. ಗದ್ದೆಯ ನೀರು ಬಸಿದು ಹಿತ್ತಲೆಲ್ಲ ಉಪ್ಪಾಗಿ ಬದನೆ ಗಿಡವೂ ಏಳುತ್ತಿರಲಿಲ್ಲ, ಅದೊಂದು ಮಾತ್ರ ಹಸಿರಾಗಿ ನಿಂತಿತ್ತು. ಲಾರಿ ಹತ್ತಿ ಹೋಗಿ ಅದರ ಹೂ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದೆ. ಹನ್ನೆರಡಕ್ಕೆ ಮೊದಲು ಎಪ್ಪತ್ತಕ್ಕೂ ಹಾಕಿದೆ. ಚೀಟಿಗಳಲ್ಲಿ ನಂ. 9 ಎಂದು ಮೊದಲೇ ಬರೆದಿಟ್ಟಿದ್ದೆ. ಅವನ್ನೇ ಕಟ್ಟಿದೆ. ನೀವು ಬಂದ ಕೂಡಲೇ ಹೇಳೋಣವೆಂದುಕೊಂಡಿದ್ದೆ.

ನೀವು ಎಂಟು ದಿನಕ್ಕೆ ಬಂದಿರಿ, ಒಬ್ಬರೇ. ಹೇಳಲೆಂದು ಕ್ವಾರ್ಟರ್ಸಿಗೆ ಬಂದೆ. ನೀವು ಒಲೆಯ ಮುಂದೆ ಕೂತಿದ್ದಿರಿ, ಒಲೆ ಹಚ್ಚಿರಲಿಲ್ಲ. "ಕೆಲಸ ಆತಾ?" ಅಂದಿರಿ. "ಆಗೇದ್ರೀ" ಅಂದೆ. ಅಷ್ಟೇ ಅಂದೆ.

ಮರುದಿನ ಹೇಳಬಹುದಿತ್ತು. ಆಮೇಲೆ ಕಾಯಿ ಕಚ್ಚಿದವು, ನೀವು ಆ ವರ್ಷ ಮೊದಲ ಸಲ ನಕ್ಕಿರಿ. ಆಮೇಲೆ ನೀವು ಹೋದಿರಿ. ಪ್ರತಿ ವರ್ಷ ವರದಿಯಲ್ಲಿ ನಂ. 9 ಎಂದು ಬರೆಯುವಾಗ ಕೈ ನಿಲ್ಲುತ್ತಿತ್ತು. ತಪ್ಪು ನನ್ನದು. ನೀವು ಯಾರಿಗೆ ಹೇಳಬೇಕೋ ಹೇಳಿ.

ಆದೆಮ್ಮ


ಹೈದರಾಬಾದ್
27 ಏಪ್ರಿಲ್ 1997

ಆದೆಮ್ಮ,

ಉತ್ತರ ತಡವಾಯಿತು. ನಿಮ್ಮ ಕಾಗದ ಓದಿ ಆ ಪುಟದ ನಕಲನ್ನು ಮತ್ತೆ ತೆಗೆದೆ. ಈ ಸಲ ನಿಮ್ಮ ಅಕ್ಷರದ ಕೆಳಗಿರುವುದನ್ನು ನೋಡಿದೆ. 'ನನ್ನ ಸಮಕ್ಷಮದಲ್ಲಿ ನಡೆದಿದೆ' ಎಂದು ಬರೆದು ಸಹಿ ಮಾಡಿದ್ದೇನೆ. ಜುಲೈ ಹದಿನಾಲ್ಕು. ಆ ದಿನ ಹನ್ನೊಂದು ಗಂಟೆಗೆ ಶೇಖಮ್ಮ ತೀರಿಕೊಂಡಳು. ಮಗು ಅದಕ್ಕೂ ಮೊದಲೇ ಹೋಗಿತ್ತು. ಹೆಣ್ಣು ಮಗು. ಇದನ್ನು ಯಾರಿಗೂ ಬರೆದಿರಲಿಲ್ಲ, ಯಾರೂ ಕೇಳಲೂ ಇಲ್ಲ.

ತಿರುಗಿ ಬಂದ ಮೇಲೆ ಆ ವಾರದ ಪುಟಗಳಿಗೆಲ್ಲ ಒಂದೇ ಸಲಕ್ಕೆ ಸಹಿ ಹಾಕಿದ್ದೆ. ಒಂದನ್ನೂ ಓದಲಿಲ್ಲ. ನಾನು ರಾಯಚೂರಿನಲ್ಲಿದ್ದೆನೆಂದು ಯಾರಿಗಾದರೂ ತಿಳಿದರೆ ಆ ದಿನದ ಕೆಲಸ ರದ್ದಾಗುತ್ತದೆಂಬ ಹೆದರಿಕೆಯೂ ಇತ್ತು. ನೀವು ಬರೆದದ್ದು ಒಂದು ಸುಳ್ಳು. ಅದನ್ನು ಸರಕಾರಿ ಸತ್ಯ ಮಾಡಿದವನು ನಾನು.

ಹತ್ತು ವರ್ಷದಲ್ಲಿ ನಾನು ಮಾಡಿದ್ದೆಂದರೆ ಇದೊಂದೇ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತದೆ, ಲಿಂಗಸುಗೂರಿನ ಆ ಮುದಿ ಗಿಡದ ಎಲೆಯನ್ನು ಯಾರು ತಂದು ನೋಡುತ್ತಾರೆ. ಎರಡು ತಿಂಗಳು ಹಾಗೇ ಯೋಚಿಸಿದೆ. ಆದರೆ ಮುಂದೆ ಯಾರಾದರೂ ಈ ಗೆರೆಯನ್ನು ನಂಬಿ ಒಂಬತ್ತನೇ ನಂಬರಿನ ಪರಾಗ ಹಾಕಿ ಐದು ವರ್ಷ ಕಾದರೆ, ಅವರಿಗೆ ಏನೂ ಸಿಗುವುದಿಲ್ಲ.

ನಿನ್ನೆ ಮೇಲಿನವರಿಗೆ ಬರೆದು ಕೊಟ್ಟೆ. ನನ್ನ ಸಹಿಯದ್ದನ್ನು ಮೊದಲು ಬರೆದೆ. ನಿಮ್ಮ ಹೇಳಿಕೆ ಕೇಳಬಹುದು. ಖಾಯಂ ಕಾಗದ ಇನ್ನೂ ಬಂದಿಲ್ಲವೆಂದು ನನಗೆ ಗೊತ್ತು. ನಿಮಗೆ ತಿಳಿದಂತೆ ಮಾಡಿ, ನಾನು ಏನೂ ಅಂದುಕೊಳ್ಳುವುದಿಲ್ಲ.

ಸಸಿಗಳ ಎಲೆಗಳಲ್ಲಿ ನೂರ ಐವತ್ತೆಂಟರಲ್ಲಿ ಆ ಗೆರೆ ಇದೆ. ನಂಬರುಗಳು ಹಿಂದಿನ ಹಾಳೆಯಲ್ಲಿವೆ. ಗೊರೇಬಾಳದ ಗಿಡ ಇನ್ನೂ ಇದೆಯೇ?

ಮಾಳಿಂಗಪ್ಪ


ಮಸ್ಕಿ
20 ಜುಲೈ 1997

ಸರ್,

ನಿಮ್ಮ ಮನೆಯವರ ವಿಷಯ ಓದಿದೆ. ಅವರು ತೋಟಕ್ಕೆ ಬಂದಾಗ ಒಂದು ಸಲ ನನ್ನ ಕೈಯಿಂದ ಕುಂಚ ಇಸಿದುಕೊಂಡು ತಾವೂ ಒಂದು ಹೂವಿಗೆ ಪರಾಗ ಹಾಕಿದ್ದರು. ನಿಮಗೆ ಹೇಳಬೇಡ ಅಂದಿದ್ದರು. ಇಷ್ಟು ದಿನ ಹೇಳಿರಲಿಲ್ಲ.

ರಾಯಚೂರಿನಿಂದ ಇಬ್ಬರು ಬಂದಿದ್ದರು. ನಡೆದದ್ದನ್ನು ಬರೆದು ಕೊಟ್ಟು ಸಹಿ ಮಾಡಿದೆ. ಈ ತಿಂಗಳ ಒಂದರಿಂದ ನನಗೆ ಕೆಲಸವಿಲ್ಲ. ತಂದೆ ತಿಳಿಯದ ಸಸಿಗಳನ್ನು ತೋಟದಲ್ಲಿ ಇಡಬಾರದು ಎಂದೂ ಬರೆದು ಹೋದರು. ಗೋಪಣ್ಣ ಸರ್ ಆ ಕಾಗದ ಹಿಡಿದುಕೊಂಡು ನರ್ಸರಿಗೆ ಬಂದರು. ಆಮೇಲೆ ನನ್ನನ್ನು ಕರೆಸಿ, "ಕಿತ್ತು ಒಗೀರಿ ಅಂತ ಬರದಾರ. ಎಲ್ಲಿ ಒಗೀಬೇಕು ಅಂತ ಬರದಿಲ್ಲ" ಅಂದರು. ಮುಖ ಆ ಕಡೆ ತಿರುಗಿಸಿದರು.

ನೂರ ಐವತ್ತೆಂಟು ಸಸಿ ಒಂದು ಟ್ರಾಕ್ಟರಿನಲ್ಲಿ ಹಿಡಿದವು. ಗೊರೇಬಾಳದಲ್ಲಿ ಚಿಕ್ಕಮ್ಮನ ಒಂದು ಎಕರೆ ಸವಳಾಗಿ ಆರು ವರ್ಷದಿಂದ ಬೀಳು ಬಿದ್ದಿದೆ. ಭತ್ತ ಬರುವುದಿಲ್ಲ, ಕೊಳ್ಳುವವರೂ ಇಲ್ಲ. ಅಲ್ಲಿ ನೆಟ್ಟಿದ್ದೇನೆ. ಚಿಕ್ಕಮ್ಮ ಬದುವಿನ ಮೇಲೆ ಕೂತು, "ಇದರಾಗ ಏನೂ ಏಳಂಗಿಲ್ಲ ಬೇ. ನಿನಗ ಬ್ಯಾರೆ ಬದುಕಿಲ್ಲೇನು?" ಎಂದು ಕೇಳಿದಳು. ಇಲ್ಲ ಅಂದೆ.

ಹಿತ್ತಲಿನ ಗಿಡ ಇಲ್ಲ ಸರ್. ಹೊಸ ಗೋಡೆ ಕಟ್ಟುವಾಗ ಮೂರು ವರ್ಷದ ಹಿಂದೆ ಕಡಿದಿದ್ದಾರೆ. ಗೋಡೆಯ ಆಚೆ, ಬಚ್ಚಲ ನೀರು ಹೋಗುವಲ್ಲಿ, ಅದರ ಬೇರಿನಿಂದ ಎರಡು ಚಿಗುರು ಎದ್ದಿವೆ. ಆಡು ತಿಂದು ತಿಂದು ಗೇಣುದ್ದಕ್ಕೇ ನಿಂತಿವೆ. ಸುತ್ತ ಮುಳ್ಳು ಕಟ್ಟಿ ಎಲೆ ಕಳಿಸಿದ್ದೇನೆ.

ಆದೆಮ್ಮ


ಹೈದರಾಬಾದ್
5 ಅಕ್ಟೋಬರ್ 1997

ಆದೆಮ್ಮ,

ಗೊರೇಬಾಳದ ಚಿಗುರಿನಲ್ಲಿ ಆ ಗೆರೆ ಇದೆ. ಉಳಿದ ಗೆರೆಗಳೂ ಹೊಂದುತ್ತವೆ. ತಂದೆ ಅದೇ ಗಿಡ.

ವರದಿಯನ್ನು ತಿದ್ದಿ ಬರೆದು ಕೊಟ್ಟಿದ್ದೇನೆ. ಅದರ ಮೇಲೆ ಇನ್ನು ನನ್ನ ಹೆಸರು ಇರುವುದಿಲ್ಲ. ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದ್ದಾರೆ, ನನ್ನನ್ನು ಪುಸ್ತಕ ಭಂಡಾರದ ಪಕ್ಕದ ಕೋಣೆಗೆ ಹಾಕಿದ್ದಾರೆ. ಪತ್ರಗಳಿಗೆ ನಂಬರು ಹಾಕುತ್ತೇನೆ. ಬೇಸರವಾಗುತ್ತದೆಂದು ಹೆದರಿದ್ದೆ. ಹಾಗೇನಿಲ್ಲ. ಸಂಜೆ ಮಾತ್ರ ಉದ್ದ.

'ಪರಾಗಸ್ಪರ್ಶ ಮಾಡಿದವರು' ಎಂಬಲ್ಲಿ ನಿಮ್ಮ ಹೆಸರು ಬರೆದೆ. ಇಷ್ಟು ವರ್ಷ ಆ ಜಾಗದಲ್ಲಿ 'ಸಿಬ್ಬಂದಿ' ಎಂದಿತ್ತು. ಶೇಖಮ್ಮ ಮುಟ್ಟಿದ್ದು ಯಾವ ಹೂ ಎಂದು ನಿಮಗೆ ನೆನಪಿದೆಯೇ?

ಮಾಳಿಂಗಪ್ಪ


ಮಸ್ಕಿ
14 ಜೂನ್ 1998

ಸರ್,

ನೆನಪಿಲ್ಲ. ಸುಳ್ಳು ಒಂದು ನಂಬರು ಹೇಳಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ. ಇನ್ನು ಹಾಗೆ ಬರೆಯುವುದಿಲ್ಲ ಎಂದುಕೊಂಡಿದ್ದೇನೆ.

ಅತ್ತೆ ಶಿವರಾತ್ರಿಯ ಮರುದಿನ ತೀರಿಕೊಂಡಳು. ಕೊನೆಕೊನೆಗೆ ಅಂಚೆಯವನು ಬಂದರೂ ತಲೆ ಎತ್ತುತ್ತಿರಲಿಲ್ಲ. ಯಮನೂರಪ್ಪನಿಗೆ ತಿಳಿಸಲು ವಿಳಾಸವಿರಲಿಲ್ಲ. ಮಣ್ಣು ಮಾಡುವಾಗ ಅವನ ಬದಲು ನಾನೇ ಮೊದಲ ಹಿಡಿ ಹಾಕಿದೆ. ಮನೆಯಲ್ಲಿ ಈಗ ಒಬ್ಬಳೇ. ಅಡುಗೆ ಮಾಡುವಾಗ ಅಳತೆ ತಪ್ಪಿ ಇಬ್ಬರಿಗೆ ಆಗುತ್ತದೆ.

ಏಪ್ರಿಲ್‌ನಿಂದ ತೋಟಕ್ಕೆ ಮತ್ತೆ ಕರೆದಿದ್ದಾರೆ, ಹೊಸದಾಗಿ ಸೇರಿದವಳೆಂದು ಬರೆದು, ಮೊದಲ ದಿನದ ಕೂಲಿಯಿಂದ. ಕೇಸರ ತೆಗೆಯುವ ಕೈ ಬೇರೆ ಯಾರಿಗೂ ಬರಲಿಲ್ಲ ಎಂದು ಗೋಪಣ್ಣ ಸರ್ ಹೇಳಿದರು. ಹದಿನಾಲ್ಕು ವರ್ಷದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ.

ಭಾನುವಾರ ಗೊರೇಬಾಳಕ್ಕೆ ಹೋಗುತ್ತೇನೆ. ನೂರ ಐವತ್ತೆಂಟರಲ್ಲಿ ಹನ್ನೊಂದು ಹೋದವು. ಉಳಿದವು ನನ್ನ ಎದೆಮಟ್ಟ ಬಂದಿವೆ. ನಿಮ್ಮ ಗೆರೆ ಸುಳ್ಳಲ್ಲ ಸರ್. ಒಂದು ಸಲ ಬಂದು ನೋಡಿ.

ಆದೆಮ್ಮ


ಗೊರೇಬಾಳ
12 ಡಿಸೆಂಬರ್ 1999

ಆದೆಮ್ಮ,

ಈ ಕಾಗದವನ್ನು ನಿಮ್ಮ ಚಿಕ್ಕಮ್ಮನ ಕೈಯಲ್ಲಿ ಕೊಟ್ಟು ಹೋಗುತ್ತಿದ್ದೇನೆ. ಬರುತ್ತೇನೆಂದು ಮೊದಲು ಬರೆಯದೆ ಬಂದದ್ದು ನನ್ನದೇ ತಪ್ಪು. ಬರೆದರೂ ಬರುತ್ತೇನೆ ಎಂದು ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ನಿನ್ನೆ ರಾಯಚೂರಿನಲ್ಲಿ ಇಳಿದು, ಶೇಖಮ್ಮನನ್ನು ಇಟ್ಟ ಜಾಗಕ್ಕೆ ಹೋದೆ. ಹನ್ನೆರಡು ವರ್ಷದಲ್ಲಿ ಹೋದದ್ದು ಇದೇ ಮೊದಲು. ಗುರುತು ಸಿಗಲಿಲ್ಲ. ಬೇಲಿ ಸರಿದಿದೆ, ಹೊಸ ಗುಡ್ಡೆಗಳಾಗಿವೆ. ಅಲ್ಲಿದ್ದವನೊಬ್ಬ ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದ. ಹೆಂಡತಿ ಮತ್ತು ಮಗಳು ಎಂದು ಹೇಳಿದೆ. ಹಾಗೆ ಬಾಯಿಬಿಟ್ಟು ಹೇಳಿದ್ದೂ ಮೊದಲ ಸಲ. ಸ್ವಲ್ಪ ಹೊತ್ತು ಎಲ್ಲೋ ಒಂದು ಕಡೆ ಕೂತು ಬಂದೆ.

ಇಲ್ಲಿ ಬಂದಾಗ ಹನ್ನೊಂದು ಗಂಟೆ. ಪಕೀರಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ಅಕಿ ಲಿಂಗಸುಗೂರಿಗೆ ಹೋಗ್ಯಾಳ. ಹುಡಿಗ್ಯಾರಿಗೆ ಹೂವಿನ ಕೆಲಸ ಕಲಿಸಾಕ" ಅಂದಳು. ನಾನು ಯಾರೆಂದು ಕೇಳಿದಳು. ಮಸ್ಕಿ ತೋಟದಲ್ಲಿ ಮೊದಲು ಇದ್ದವನು ಅಂದೆ. ಮುಖವನ್ನೇ ನೋಡಿ, "ಎಲಿ ನೋಡಾವ" ಅಂದಳು. ಹೌದೆಂದೆ. ಊಟಕ್ಕೆ ಹಾಕಿದಳು.

ಹೊಲಕ್ಕೆ ಒಬ್ಬನೇ ಹೋದೆ. ಸುತ್ತಲಿನ ಮಡಿಗಳೆಲ್ಲ ಬೆಳ್ಳಗೆ ಬಿರಿದಿವೆ, ನಡುವೆ ನಿಮ್ಮ ಸಾಲುಗಳು. ನೂರ ನಲವತ್ತೇಳನ್ನೂ ಎಣಿಸಿದೆ. ಹಾಳೆಯ ಮೇಲೆ ನಾನು ಈ ಗಿಡಗಳನ್ನು ಬಹಳ ವರ್ಷ ನೋಡಿದ್ದೇನೆ. ಇವುಗಳಿಗೆ ಇಷ್ಟು ನೆರಳು ಇರುತ್ತದೆಂದು ಗೊತ್ತಿರಲಿಲ್ಲ.

ಹಣ್ಣು ಕಿತ್ತು ತಿಂದೆ. ಬೇರೆ ಬೇರೆ ಸಾಲಿನ ಆರು ಗಿಡಗಳದ್ದು. ನಿಮಗೆ ಇದ್ದದ್ದನ್ನೇ ಹೇಳುತ್ತೇನೆ: ಬೀಜ ಗಟ್ಟಿ, ಸಿಹಿ ಸಾಧಾರಣ. ತಾಯಿಯ ಅರ್ಧದಷ್ಟೂ ಇಲ್ಲ. ಸಿಹಿಗೆ ಬೇರೆ ಗುರುತು ಹುಡುಕಬೇಕು, ಮತ್ತೆ ಕೂಡಿಸಬೇಕು, ಮತ್ತೆ ಹತ್ತು ವರ್ಷ. ಅದನ್ನು ಮಾಡುವವರು ನಾವಿಬ್ಬರೂ ಅಲ್ಲದಿರಬಹುದು. ಆದರೂ ಏನೂ ಬೆಳೆಯದ ನೆಲದ ಮೇಲೆ ನಿಂತು ಹಣ್ಣು ತಿಂದೆ.

ಐದು ಗಂಟೆ ತನಕ ಬದುವಿನ ಮೇಲೆ ಕೂತು ನಿಮ್ಮ ದಾರಿ ನೋಡಿದೆ. ಮಸ್ಕಿ ಕಡೆಯಿಂದ ಬಂದ ಬಸ್ಸುಗಳಲ್ಲಿ ಮೂರು ನಿಂತವು. ಈಗ ಸಿಂಧನೂರಿನ ಬಸ್ಸಿಗೆ ಹೊತ್ತಾಯಿತು. ಮುಂದಿನ ಭಾನುವಾರದ ತನಕ ನನಗೆ ರಜೆ ಇದೆ, ರಾಯಚೂರಿನಲ್ಲೇ ಉಳಿಯುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಇಲ್ಲಿರುತ್ತೇನೆ. ಬುತ್ತಿ ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಬರುತ್ತೇನೆ, ನೀವು ಏನೂ ಮಾಡಬೇಡಿ.

ಮಾಳಿಂಗಪ್ಪ